ನನ್ನ ನೈಟ್‌ಗಿರಿ ಮತ್ತು ಪಿಳ್ಳಪ್ಪನವರ ಟ್ರ್ಯಾಕ್ಟರ್

ಅಂಗಿಯ ಗುಂಡಿಯೊಂದು ಕಿತ್ತುಹೋಗಿತ್ತು. ಜೋಡಿಯಾಗುವ ಇನ್ನೊಂದನ್ನು ಹುಡುಕಲೆಂದು ಮೊನ್ನೆ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದು ಕೂತೆ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇರಬೇಕು. ಬಿಸ್ಕತ್ತೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸಿಗುತ್ತದೆ. ನನಗೆ ಗುಂಡಿ ಸಿಗಲಿಲ್ಲ, ತಗಡಿನ ಬ್ಯಾಡ್ಜೊಂದು ಸಿಕ್ಕಿತು. ಅದರ ಮೇಲೆ ಮುಖವನ್ನೆಲ್ಲ ಮುಚ್ಚುವಂಥ ಉಕ್ಕಿನ ಟೋಪಿ, ಟೋಪಿಯ ನೆತ್ತಿಯಲ್ಲೊಂದು ಗರಿ. ಕೆಂಪು ಬಣ್ಣ ಮುಕ್ಕಾಲು ಪಾಲು ಉದುರಿದೆ.

“ಇದೇನ್ರೀ, ಯಾವ್ದಾದ್ರೂ ಪೆಟ್ರೋಲ್ ಬಂಕಿನದಾ?” ಎಂದಳು ನನ್ನ ಹೆಂಡತಿ ವಿಮಲಾ.

“ಅಲ್ಲ ಕಣೇ. ನಾನು ನೈಟ್ ಆಗಿದ್ದೆ. ಒಂದು ವಾರ.”

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಬನಿಯನ್ನು, ಲುಂಗಿ, ಕೈಯಲ್ಲಿ ಸೂಜಿ ದಾರ. ಏನೂ ಹೇಳದೆ ಅಡುಗೆಮನೆಗೆ ಹೋದಳು. ಅದೂ ಒಂದು ಬಗೆಯ ಸೌಜನ್ಯವೇ.

ನಾನು ಓದಿದ್ದು ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಶಾಲೆಯಲ್ಲಿ. ಮನೆ ಜೋಗುಪಾಳ್ಯದಲ್ಲಿತ್ತು, ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್. ಶಾಲೆಯಲ್ಲಿ ನಮಗೆ ಡ್ರಿಲ್ ಹೇಳಿಕೊಡುತ್ತಿದ್ದವರು ಪೆರೀರಾ ಎಂಬ ಮೇಷ್ಟರು. ಕಡ್ಡಿಯಂಥ ಮೈ, ಬಿಳಿ ಪ್ಯಾಂಟು, ಆ ಪ್ಯಾಂಟಿನ ಇಸ್ತ್ರಿಯ ಗೆರೆಯಿಂದ ಹಣ್ಣು ಕತ್ತರಿಸಬಹುದಿತ್ತು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಮ್ಮನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಅವರು ನೈಟ್‌ಗಳ ಕಥೆ ಹೇಳುತ್ತಿದ್ದರು. ದೂರದ ದೇಶದ ಆ ಸರದಾರರು ಮೈತುಂಬ ಉಕ್ಕು ತೊಟ್ಟು, ಕುದುರೆಯ ಮೇಲೆ ಕೂತು, ರಾಜನ ಮುಂದೆ ಮಂಡಿಯೂರಿ ಪ್ರಮಾಣ ಮಾಡುತ್ತಿದ್ದರಂತೆ: ಬಿದ್ದವನನ್ನು ಹೊಡೆಯುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಕೈಲಾಗದವರು ಕೂಗಿದರೆ ಕೇಳಿಸದವರ ಹಾಗೆ ಹೋಗುವುದಿಲ್ಲ.

“ಸರ್, ನಿಮ್ಮ ಕುದುರೆ ಎಲ್ಲಿದೆ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಸೈಕಲ್ ಸ್ಟ್ಯಾಂಡಲ್ಲಿದೆ, ಮ್ಯಾನ್!” ಎಂದರು ಪೆರೀರಾ. “ಕುದುರೆ ಇದ್ರೆ ನೈಟ್ ಆಗ್ತಾರಾ? ಶಿವಾಜಿನಗರದಲ್ಲಿ ಎಷ್ಟು ಜಟ್ಕಾ ಇದೆ, ಹೋಗಿ ಎಣಿಸು. ಆಮೇಲೆ ಅದ್ರಲ್ಲಿ ಎಷ್ಟು ಜನ ಜಂಟಲ್‌ಮನ್ ಇದಾರೆ, ಅದನ್ನೂ ಎಣಿಸು.”

ಆ ವಾರ ಚೆನ್ನಾಗಿ ನಡೆದುಕೊಂಡ ಹುಡುಗನಿಗೆ ಅವರು ಈ ಬ್ಯಾಡ್ಜು ಚುಚ್ಚುತ್ತಿದ್ದರು. ಮುಂದಿನ ಶನಿವಾರ ಅದನ್ನು ಹಿಂದಿರುಗಿಸಬೇಕು. ನನ್ನ ಸರದಿ ಬಂದಾಗ ವರ್ಷದ ಕೊನೆಯಾಗಿತ್ತು. ರಜೆ ಮುಗಿಯುವಷ್ಟರಲ್ಲಿ ಮೇಷ್ಟರು ಕೆಲಸ ಬಿಟ್ಟು ಮಗಳ ಊರಿಗೆ ಹೊರಟುಹೋಗಿದ್ದರು. ಹೀಗೆ ನನ್ನ ನೈಟ್ ಪದವಿ ಕಾಯಂ ಆಯಿತು. ಅಂದು ಓಡುತ್ತಾ ಮನೆಗೆ ಬಂದು, “ಅಮ್ಮಾ, ನಾನು ನೈಟ್ ಆದೆ!” ಎಂದು ಕೂಗಿದ್ದೆ. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಒಳಕೋಣೆಯ ಕಡೆ ತೋರಿಸಿದಳು. ಅಲ್ಲಿ ಅಪ್ಪ ಮಲಗಿದ್ದ.

“ಮನೇಲಿ ಒಬ್ರು ನೈಟ್ ಮಾಡ್ಕೊಂಡು ಬಂದು ಹಗಲೆಲ್ಲ ಮಲಗೋದು ಸಾಕು. ನೀನು ಡೇ ಶಿಫ್ಟಲ್ಲೇ ಇರು, ಓದ್ಕೋ.”

ಆ ಒಂದು ವಾರದಲ್ಲೇ ಅಮ್ಮನ ಜೊತೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವ ಸಂದರ್ಭ ಬಂತು. ಎದೆಯ ಮೇಲೆ ಬ್ಯಾಡ್ಜು ಸಿಕ್ಕಿಸಿಕೊಂಡೇ ಹೋದೆ. ಸೀರೆ ಅಂಗಡಿಗೆ ಗಾಜಿನ ಬಾಗಿಲು. ನೈಟ್ ಆದವನು ಹೆಂಗಸರಿಗೆ ಬಾಗಿಲು ತೆರೆದು ಹಿಡಿಯಬೇಕೆಂದೂ ಮೇಷ್ಟರು ಒಮ್ಮೆ ಹೇಳಿದ್ದರು, ಅಮ್ಮನಿಗೆ ಹಿಡಿದೆ. ಅವಳ ಹಿಂದೆಯೇ ಇನ್ನೊಬ್ಬರು ಬಂದರು, ಅವರ ಹಿಂದೆ ಬುರ್ಖಾ ತೊಟ್ಟ ಮೂವರು, ಆಮೇಲೆ ಒಂದು ಮದುವೆಯ ತಂಡ. ಹಬ್ಬದ ಕಾಲ, ಹೆಂಗಸರ ಸಾಲು ಮುಗಿಯಲೇ ಇಲ್ಲ. ಯಾರ ಮುಖಕ್ಕೆ ಬಾಗಿಲು ಬಿಡಬೇಕೆಂದು ನನಗೆ ತಿಳಿಯಲಿಲ್ಲ. ಅಮ್ಮ ಸೀರೆ ಆರಿಸಿ, ಬೇಡವೆಂದು ಬಿಟ್ಟು, ಮತ್ತೊಂದು ಆರಿಸುವವರೆಗೂ ನಾನು ಆ ಬಾಗಿಲಿಗೆ ಜೋತುಬಿದ್ದಿದ್ದೆ. ಒಬ್ಬಾಕೆ ನನ್ನ ಕೈಗೆ ಕೊಡೆಯನ್ನೂ ಕೊಟ್ಟು ಹೋದಳು. ಹೊರಬಂದ ಅಮ್ಮ, “ಇಲ್ಲೇನ್ ಮಾಡ್ತಿದೀಯೋ? ಕೆಲಸಕ್ಕೆ ಸೇರ್ಕೊಂಡ್ಯಾ?” ಎಂದಳು.

ದೊಡ್ಡವನಾದ ಮೇಲೂ ನನ್ನ ನೈಟ್‌ಗಿರಿ ಇಷ್ಟೇ ಮಟ್ಟದಲ್ಲಿ ನಡೆಯಿತು. ಇನ್ಷೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಶಿವಾಜಿನಗರದ ಬಸ್ಸಿನಲ್ಲಿ ಒಮ್ಮೆ ಒಬ್ಬ ಹೆಂಗಸಿಗೆ ಎದ್ದು ಸೀಟು ಕೊಟ್ಟರೆ, “ಯಾಕ್ರೀ, ನಾನೇನು ಅಷ್ಟು ಮುದುಕಿ ಥರ ಕಾಣ್ತೀನಾ?” ಎಂದು ಆಕೆ ಕೂರಲೇ ಇಲ್ಲ. ನಾನೂ ಮತ್ತೆ ಕೂರಲಿಲ್ಲ. ಹಲಸೂರಿನವರೆಗೆ ಆ ಸೀಟು ನಮ್ಮಿಬ್ಬರ ನಡುವೆ ಖಾಲಿಯಾಗಿಯೇ ಪ್ರಯಾಣ ಮಾಡಿತು. ಈ ಸದ್ಗುಣಕ್ಕೆ ನಮ್ಮ ಭಾಷೆಯಲ್ಲಿ ಏನನ್ನುತ್ತಾರೆಂದು ನಿಘಂಟು ತೆಗೆದರೆ ‘ದಾಕ್ಷಿಣ್ಯ’ ಎಂದಿತ್ತು. ಅಂದರೆ ಇನ್ನೊಬ್ಬರ ಮೇಲಿನ ಆದರ. ಆದರೆ ಬೇಡ ಎನ್ನಲು ನಾಲಿಗೆ ಬಾರದಿರುವುದಕ್ಕೂ ನಾವು ಅದೇ ಮಾತನ್ನು ಬಳಸುತ್ತೇವೆ. ನನ್ನಲ್ಲಿದ್ದದ್ದು ಈ ಎರಡನೆಯದು. ಅದರಿಂದಲೇ ನಾನು ಈಗ ಹೇಳಹೊರಟ ತಪ್ಪನ್ನೂ ಮಾಡಿದ್ದು.

ನಿವೃತ್ತಿಯಾದ ಮೇಲೆ ದೊಡ್ಡನೆಕ್ಕುಂದಿಯ ಕಡೆ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮನೆ ಕೊಂಡು ಬಂದೆವು. ನಮ್ಮ ಗೇಟಿನ ಪಕ್ಕದಿಂದಲೇ ಹಳೆಯ ಊರಿನ ಓಣಿ ಶುರುವಾಗುತ್ತದೆ. ಓಣಿಯ ಮೊದಲ ಮನೆ ಪಿಳ್ಳಪ್ಪನವರದು. ಎಪ್ಪತ್ತು ದಾಟಿದ ಗಟ್ಟಿ ಆಳು. ಈಗ ನಮ್ಮ ಅಪಾರ್ಟ್‌ಮೆಂಟು ನಿಂತಿರುವ ಜಾಗದ ಪಕ್ಕದಲ್ಲೇ ಅವರು ಹಿಂದೆ ರಾಗಿ ಬೆಳೆಯುತ್ತಿದ್ದರಂತೆ. ಹೊಲ ಹೋಯಿತು, ಬಾಡಿಗೆಯ ಮನೆಗಳು ಬಂದವು. ಟ್ರ್ಯಾಕ್ಟರನ್ನು ಮಾತ್ರ ಅವರು ಮಾರಲಿಲ್ಲ. ಉಳಲು ಹೊಲವಿಲ್ಲದಿದ್ದರೂ ದಿನಾ ಬೆಳಿಗ್ಗೆ ಆರಕ್ಕೆ ಅದನ್ನು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದರು. ಅದು ನಿಲ್ಲುತ್ತಿದ್ದುದು ನಮ್ಮ ಗೇಟಿನ ಎದುರಿಗೇ.

ಅವರ ಕಾಂಪೌಂಡಿಗೆ ಒರಗಿದಂತೆ ಒಂದು ವೀರಗಲ್ಲಿದೆ. ಮೊಣಕಾಲೆತ್ತರದ ಕಲ್ಲು, ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ನಾಲ್ಕು ದನ. ಬಂದ ಹೊಸತರಲ್ಲಿ, “ಇವರು ಯಾರು ಪಿಳ್ಳಪ್ಪನವರೇ?” ಎಂದು ಕೇಳಿದ್ದೆ.

“ಯಾರೋ ನಮ್ಮೂರೋನೇ ಸಾಮಿ. ಕಳ್ರು ಊರಿನ ದನ ಒಡ್ಕೊಂಡು ಓಗ್ತಿದ್ರಂತೆ, ಬಿಡಿಸ್ಕೊಂಡ್ ಬರೋಕೋಗಿ ಸತ್ತ.”

“ಹೆಸರು?”

“ಎಸ್ರು ಗೊತ್ತಿಲ್ಲ. ದನ ವಾಪಸ್ ಬಂದ್ವಂತೆ. ಅದಷ್ಟೇ ಗೊತ್ತು.”

ಪೆರೀರಾ ಮೇಷ್ಟರು ಇದ್ದಿದ್ದರೆ ಈ ಕಲ್ಲಿನ ಮುಂದೆ ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದರು ಎಂದುಕೊಂಡೆ.

ನಮ್ಮ ನಿವಾಸಿಗಳ ಸಂಘಕ್ಕೆ ಸುಂದರ್ ಎಂಬುವವರು ಸೆಕ್ರೆಟರಿ. ಹಲಸೂರಿನ ತಮಿಳು ಮನೆತನ, ಐವತ್ತರ ಆಸುಪಾಸು, ಒಳ್ಳೆಯ ಮನುಷ್ಯ, ಆದರೆ ನಿಯಮವೆಂದರೆ ನಿಯಮ. ಟ್ರ್ಯಾಕ್ಟರಿನ ಸದ್ದು, ಹೊಗೆ ಅವರ ನಿದ್ದೆ ಕೆಡಿಸಿತ್ತು. ಒಂದು ದಿನ ನನ್ನ ಹತ್ತಿರ ಬಂದು, “ಸರ್, ನಿಮ್ಮ ಇಂಗ್ಲಿಷ್ ಸೂಪರ್. ಸ್ಟ್ರಾಂಗಾಗಿ ಒಂದು ಲೆಟರ್ ಬರ್ಕೊಡಿ, ಸೈನ್ ನಾನ್ ಮಾಡ್ತೀನಿ” ಎಂದರು. ಆ ಟ್ರ್ಯಾಕ್ಟರಿನಿಂದ ನನಗೇನೂ ತೊಂದರೆಯಿರಲಿಲ್ಲ. ಬೇಡ ಎನ್ನಬಹುದಿತ್ತು. ಹೊಗಳಿಕೆಗೆ ಮರುಳಾದೆ. ನಾಲ್ಕು ದಿನ ಕೂತು, ತಿದ್ದಿ ತೀಡಿ, ಟ್ರ್ಯಾಕ್ಟರನ್ನು ‘ನಾಗರಿಕ ಬದುಕಿಗೆ ಅವಮಾನ’ ಎಂದೂ ಅದರ ಮಾಲೀಕರನ್ನು ‘ಪರರ ನೆಮ್ಮದಿಯ ಪರಿವೆಯಿಲ್ಲದವರು’ ಎಂದೂ ಕರೆದು ಒಂದು ಪುಟದ ಪತ್ರ ಬರೆದೆ. ಬರೆದಾದ ಮೇಲೆ ಕನ್ನಡಿಯ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಪತ್ರ ಹೋದ ಮೂರನೆಯ ದಿನ ನಮ್ಮ ಮನೆಯ ಬೆಲ್ಲಾಯಿತು. ಬಾಗಿಲಲ್ಲಿ ಪಿಳ್ಳಪ್ಪನವರು. ಕೈಯಲ್ಲಿ ಅದೇ ಕಾಗದ.

“ಸಾಮಿ, ಇದೇನೋ ಇಂಗ್ಲಿಷ್ನಾಗೆ ಬಂದೈತೆ. ಮೊಮ್ಮಗಳು ಊರಾಗಿಲ್ಲ. ಸ್ವಲ್ಪ ಓದಿ ಯೋಳ್ತೀರಾ?”

ನಾನು ಸೋಫಾದ ತುದಿಯಲ್ಲಿ ಕೂತೆ. ಅವರು ಎದುರಿಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು. ನಾನು ಬರೆದದ್ದನ್ನು ನಾನೇ, ಯಾರಿಗೆ ಬರೆದಿದ್ದೆನೋ ಅವರಿಗೇ ಕನ್ನಡದಲ್ಲಿ ಹೇಳಬೇಕು. ‘ಅವಮಾನ’ವನ್ನು ‘ಸ್ವಲ್ಪ ಅನನುಕೂಲ’ ಮಾಡಿದೆ. ‘ಪರಿವೆಯಿಲ್ಲದವರು’ ಎಂಬಲ್ಲಿಗೆ ಬಂದಾಗ ಕೆಮ್ಮಿದೆ. ಒಳಗಿನಿಂದ ಕಾಫಿ ತಂದ ವಿಮಲಾ ನನ್ನ ಮುಖ ನೋಡಿದಳು; ಅವಳಿಗೆ ಎಲ್ಲ ಗೊತ್ತಿತ್ತು.

ಪಿಳ್ಳಪ್ಪನವರು ಪೂರ್ತಿ ಕೇಳಿದರು. “ನಿದ್ದೆ ಕೆಡ್ತದೆ ಅಂದವ್ರೆ. ದಿಟವೇ. ವಯಸ್ಸಾದೋರು ಅವ್ರೆ, ಮಕ್ಕಳವ್ರೆ. ನಾನೇ ಯೋಚ್ನೆ ಮಾಡ್ಬೇಕಿತ್ತು,” ಎಂದರು. “ಜವಾಬು ಕೊಡ್ಬೇಕಲ್ಲಾ ಸಾಮಿ? ನೀವೇ ಬರೀರಿ. ನಾಳೆಯಿಂದ ಬಾಮೈದನ ಸೈಟ್ನಾಗೆ ನಿಲ್ಲಿಸ್ತೀನಿ ಅಂತ ಬರೀರಿ. ಬೇಜಾರು ಮಾಡ್ಕೋಬೇಡಿ ಅಂತಾನೂ ಬರೀರಿ.”

ಬರೆದೆ. ಟೀವಿಯ ಪಕ್ಕದಿಂದ ಕನ್ನಡಕ ತಂದು ಹಾಕಿಕೊಂಡದ್ದೂ ಸೇರಿ, ಈ ಸಲ ಐದು ನಿಮಿಷ ಸಾಕಾಯಿತು. ಅವರು ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿ, ಕಾಫಿ ಕುಡಿದು, ಲೋಟವನ್ನು ತಾವೇ ಸಿಂಕಿನವರೆಗೆ ಒಯ್ದಿಟ್ಟು ಹೋದರು. ಮರುದಿನದಿಂದ ಟ್ರ್ಯಾಕ್ಟರು ಅರ್ಧ ಮೈಲಿ ಆಚೆ, ದಿಬ್ಬದ ಮೇಲಿನ ಖಾಲಿ ಸೈಟಿಗೆ ಹೋಯಿತು. ಬೆಳಿಗ್ಗೆ ಆರಕ್ಕೆ ನನಗೆ ತಾನಾಗಿಯೇ ಎಚ್ಚರವಾಗುತ್ತಿತ್ತು.

ಅದೇ ವರ್ಷ ಮಳೆಗಾಲದಲ್ಲಿ ಎರಡು ದಿನ ಎಡೆಬಿಡದೆ ಸುರಿಯಿತು. ಮೂರನೆಯ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ರಸ್ತೆಯಿಲ್ಲ. ಮೇಲಿನ ಕೆರೆ ತುಂಬಿ ಹರಿದು, ನಮ್ಮ ಗೇಟಿನ ಬಳಿ ಸೊಂಟದವರೆಗೆ ಕೆಂಪು ನೀರು. ಕಾರುಗಳ ಗಾಜು, ನೆತ್ತಿ ಮಾತ್ರ ಕಾಣುತ್ತಿತ್ತು. ಕರೆಂಟಿಲ್ಲ, ಲಿಫ್ಟಿಲ್ಲ.

ಸುಂದರ್ ಅವರ ತಾಯಿ ಕಮಲಮ್ಮಾಳ್‌ಗೆ ಎಂಬತ್ತೆರಡು ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಮಳೆಯಿಂದಾಗಿ ಒಂದು ಸಲ ಆಗಲೇ ತಪ್ಪಿಹೋಗಿತ್ತು. ಅಂದು ಬೆಳಿಗ್ಗೆ ಅವರ ಮುಖ ಊದಿಕೊಂಡಿತ್ತು, ಉಸಿರು ಕಷ್ಟವಾಗಿತ್ತು. ಆಂಬುಲೆನ್ಸು ಮುಖ್ಯರಸ್ತೆಯವರೆಗೆ ಬಂದು, ಇದಕ್ಕಿಂತ ಒಳಗೆ ಬರಲಾರೆ ಎಂದಿತ್ತು. ದೋಣಿಗಳೆಲ್ಲ ಬೇರೆ ಕಡೆ ಹೋಗಿದ್ದವು. ನಾವು ಹತ್ತು ಹನ್ನೆರಡು ಗಂಡಸರು ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತಿದ್ದೆವು. ನಾನು ನಮ್ಮ ವಾಟ್ಸಾಪ್ ಗುಂಪಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರೆದೆ. ನೀರು ಇನ್ನೂ ಒಂದು ಮೆಟ್ಟಿಲು ಏರಿತು.

ಆಗ ಆ ಸದ್ದು ಕೇಳಿಸಿತು. ತಿರುವಿನಲ್ಲಿ ನೀರನ್ನು ಸೀಳುತ್ತಾ ಟ್ರ್ಯಾಕ್ಟರು, ಅದರ ಹಿಂದೆ ಟ್ರೈಲರು. ಪಿಳ್ಳಪ್ಪನವರು ಅದನ್ನು ನೇರ ನಮ್ಮ ಮೆಟ್ಟಿಲಿನ ಬುಡಕ್ಕೆ ತಂದು ನಿಲ್ಲಿಸಿದರು. ಟ್ರೈಲರನ್ನು ತೊಳೆದು, ಮೇಲೆ ಟಾರ್ಪಾಲು ಕಟ್ಟಿ, ಒಳಗೆ ಕಂಬಳಿ ಹಾಸಿದ್ದರು.

“ಯಾರೋ ಅಮ್ಮನಿಗೆ ಉಷಾರಿಲ್ಲ ಅಂದ್ರು,” ಎಂದರು.

ಸುಂದರ್ ಮುಖ ಕೆಂಪಾಯಿತು. “ಪಿಳ್ಳಪ್ಪನೋರೇ... ಆ ಲೆಟರ್ ವಿಷಯ... ಸಾರಿ...”

“ಲೆಟ್ರು ಇರ್ಲಿ ಬಿಡಿ ಸಾರ್. ಅಮ್ಮನ್ನ ಯಾವ ಕಡೆಯಿಂದ ಇಳಿಸ್ತೀರ, ಅದು ಯೋಳಿ.”

ಅವರೇ ಮೇಲಕ್ಕೆ ಬಂದರು. ನಾವೆಲ್ಲ ಆ ತಾಯಿಯ ತಲೆಯ ಮೇಲಿಂದಲೇ, ಹೇಗೆ ಎತ್ತುವುದು, ಯಾರು ಹಿಡಿಯುವುದು ಎಂದು ಚರ್ಚಿಸುತ್ತಿದ್ದೆವು. ಪಿಳ್ಳಪ್ಪನವರು ಮಾತ್ರ ಬಗ್ಗಿ ನೇರ ಅವರನ್ನೇ ಕೇಳಿದರು. “ಅಮ್ಮಾ, ಕುರ್ಚಿ ಮೇಲೆ ಕೂರಿಸಿ ಎತ್ಕೊಂಡ್ ಓಗ್ತೀವಿ. ಆಗಬೋದಾ?”

ಕಮಲಮ್ಮಾಳ್ ಕಣ್ಣು ಬಿಟ್ಟರು. “ಯಾರಪ್ಪಾ ನೀ?”

“ಪಕ್ಕದ ಮನೆಯೋನಮ್ಮಾ.”

“ಸರಿಪ್ಪಾ,” ಎಂದರು ಆ ತಾಯಿ.

ಪಿಳ್ಳಪ್ಪನವರು ಅಲ್ಲೇ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು. “ತಾಯೀ, ನೀವು ಮೊದ್ಲು ಗಾಡಿ ಅತ್ತಿ. ಬರೀ ಗಂಡಸರ ಮಧ್ಯ ಅಮ್ಮನಿಗೆ ಸಂಕೋಚ ಆಯ್ತದೆ.” ಮೂರು ಮಹಡಿಯ ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಕುರ್ಚಿ ನೀರಿಗಿಳಿದಾಗ ಒದ್ದೆಯಾದ ಸೀರೆ ಮೊಣಕಾಲಿಗೆ ಸರಿಯಿತು. ಪಿಳ್ಳಪ್ಪನವರು ಮುಖವನ್ನು ಗೋಡೆಯ ಕಡೆ ತಿರುಗಿಸಿ, “ಎಲ್ರೂ ಮುಂದೆ ನೋಡ್ಕೊಂಡ್ ನಡೀರಪ್ಪಾ, ಕಾಲ್ ಜಾರ್ತದೆ” ಎಂದರು. ಕಾಲು ಜಾರುವ ಮಾತು ನೆಪ ಎಂದು ನನಗೆ ಗೊತ್ತಾಯಿತು. ವಿಮಲಾ ಗಾಡಿಯಿಂದ ಬಗ್ಗಿ ಸೀರೆ ಸರಿಪಡಿಸಿದ ಮೇಲೆಯೇ ಅವರು ಈ ಕಡೆ ತಿರುಗಿದ್ದು.

ನಾನೂ ಹತ್ತಿಕೊಂಡೆ, ಟ್ರ್ಯಾಕ್ಟರು ಹೊರಟಿತು. ನಡಿಗೆಗಿಂತ ನಿಧಾನ. ತಾಯಿಯ ಕೈ ಹಿಡಿದು ಕೂತಿದ್ದ ಸುಂದರ್ ತಡೆಯಲಾರದೆ ಕೂಗಿದರು. “ಸ್ವಲ್ಪ ಸ್ಪೀಡಾಗಿ ಹೋಗಿ, ಪ್ಲೀಸ್!”

ಪಿಳ್ಳಪ್ಪನವರು ತಿರುಗಿ ಬಲಗಡೆಗೆ ಕೈ ತೋರಿಸಿದರು. ಅಲ್ಲಿ ಕಟ್ಟಡದ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಒಳಗೆ ಮಂಚದ ಮೇಲೆ ಮಂಚವಿಟ್ಟು, ಅದರ ಮೇಲೆ ಮಕ್ಕಳನ್ನು ಕೂರಿಸಿದ್ದರು. ನೀರು ಮೇಲಿನ ಮಂಚಕ್ಕೆ ನಾಲ್ಕು ಬೆರಳು ಕೆಳಗಿತ್ತು.

“ಜೋರಾಗಿ ಓಡ್ಸಿದ್ರೆ ಅಲೆ ಎದ್ದು ಅಲ್ಲಿಗ್ ನುಗ್ತದೆ ಸಾರ್. ಅವೂ ಮನೆಗಳೇ. ಶೆಡ್ಡು ದಾಟ್ಲಿ, ಆಮೇಲೆ ಎಳೀತೀನಿ. ಅಮ್ಮನ್ಗೆ ಐದು ನಿಮಿಷ ತಡ ಆಯ್ತದೆ, ಅಷ್ಟೇ.”

ಸುಂದರ್ ಶೆಡ್ಡುಗಳನ್ನು ನೋಡಿದರು, ತಾಯಿಯನ್ನು ನೋಡಿದರು. ಆ ಐದು ನಿಮಿಷ ಇಂಜಿನ್ನಿನ ಸದ್ದಿನ ನಡುವೆಯೂ ಕಮಲಮ್ಮಾಳ್ ಅವರ ಉಸಿರಿನ ಸದ್ದು ಕೇಳುತ್ತಿತ್ತು. ಶೆಡ್ಡಿನ ಸಾಲು ಮುಗಿದದ್ದೇ ತಡ, ಟ್ರ್ಯಾಕ್ಟರು ಗರ್ಜಿಸಿ, ನೀರನ್ನು ಎರಡೂ ಕಡೆ ಚಿಮ್ಮಿಸುತ್ತಾ ಹೋಗಿ ಆಂಬುಲೆನ್ಸಿನ ಪಕ್ಕ ನಿಂತಿತು. ತಾಯಿ ಮಗ ಇಬ್ಬರೂ ಅದರಲ್ಲಿ ಹೊರಟರು. ವಿಮಲಾ ಕೂಡ ಜೊತೆಗೆ ಹೋದಳು.

ಮುಖ್ಯರಸ್ತೆಯ ಬದಿಯಲ್ಲೊಂದು ಟೀ ಅಂಗಡಿ ತೆರೆದಿತ್ತು. ಒದ್ದೆ ಮೈಯಲ್ಲಿ ನಾನೂ ಪಿಳ್ಳಪ್ಪನವರೂ ಟೀ ಹಿಡಿದು ನಿಂತೆವು.

“ಪಿಳ್ಳಪ್ಪನವರೇ, ನಿಮಗೊಂದು ವಿಷಯ ಹೇಳ್ಬೇಕು. ಆ ಪತ್ರ ಇದೆಯಲ್ಲ... ಅದನ್ನ ಬರೆದದ್ದು ನಾನು.”

“ಗೊತ್ತು ಸಾಮಿ.”

“ಗೊತ್ತಾ? ಯಾವಾಗ್ಲಿಂದ?”

“ಅವತ್ತೇ. ನಿಮ್ ಕನ್ನಡಕ ಟೀವಿ ಪಕ್ಕ ಇತ್ತು. ಕನ್ನಡಕ ಇಲ್ದೆ ಗಡಗಡ ಓದ್ಬಿಟ್ರಿ. ಬರೆದೋರಿಗಲ್ದೆ ಇನ್ಯಾರಿಗೆ ಅಂಗೆ ಬರ್ತದೆ?”

ನಾನು ಲೋಟ ಕೆಳಗಿಟ್ಟೆ. “ಮತ್ತೆ ಯಾಕೆ ಏನೂ ಹೇಳ್ಲಿಲ್ಲ? ಜವಾಬನ್ನೂ ನನ್ನ ಕೈಲೇ ಬರೆಸಿದ್ರಿ!”

ಅವರು ಟೀ ಊದಿದರು. “ಎಂಗಸ್ರು ಕಾಪಿ ತಂದು ಎದುರ್ಗೆ ನಿಂತಿದ್ರಲ್ಲಾ. ಮನೆಯೋರ ಮುಂದೆ ಗಂಡನ್ನ ಕೇಳೋಕಾಯ್ತದಾ? ನಿಮಗೆ ತಲೆ ತಗ್ಗೋದು ಬ್ಯಾಡ ಅಂತ ಸುಮ್ಕಾದೆ.” ಇನ್ನೊಂದು ಗುಟುಕು ಕುಡಿದು ಸೇರಿಸಿದರು. “ಇನ್ನೊಂದ್ ಯೋಳ್ಲಾ? ನೀವು ಬರೀದೇ ಇದ್ದಿದ್ರೆ ಗಾಡಿ ಗೇಟತ್ರಾನೇ ಇರೋದು. ರಾತ್ರಿಯೆಲ್ಲ ನೀರ್ನಾಗೆ ನಿಂತು ಇವತ್ತು ಸ್ಟಾರ್ಟೇ ಆಗ್ತಿರ್ಲಿಲ್ಲ.”

ನನಗೆ ಅದು ಕ್ಷಮೆಯೋ ತಮಾಷೆಯೋ ತಿಳಿಯಲಿಲ್ಲ. ಉಕ್ಕಿನ ಕವಚ ತೊಟ್ಟವರ ಕಥೆ ಕೇಳಿ ಬೆಳೆದವನು ನಾನು. ತನ್ನನ್ನು ಗಾಯಗೊಳಿಸಿದವನ ಮಾನವನ್ನು ಅವನ ಹೆಂಡತಿಯೆದುರು ಕಾಯುವುದು ಯಾವ ಪ್ರಮಾಣವಚನದಲ್ಲಿ ಬರುತ್ತದೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಹೋದೆ. ಅವರು ಅದಕ್ಕೂ ಪುರುಸೊತ್ತು ಕೊಡಲಿಲ್ಲ.

“ಟೀ ಆಯ್ತಾ? ನಡೀರಿ. ಮೊದ್ಲು ಶೆಡ್ಡಿನ ಮಕ್ಕಳನ್ನ ತರಾನ.”

ಅಂದು ಸಂಜೆಯವರೆಗೆ ಟ್ರ್ಯಾಕ್ಟರು ಓಡಾಡಿತು. ಶೆಡ್ಡಿನವರು, ಓಣಿಯವರು, ಆಮೇಲೆ ನಮ್ಮ ಅಪಾರ್ಟ್‌ಮೆಂಟಿನವರು. ಹಗ್ಗ ಹಿಡಿಯುವುದಕ್ಕೆ ಗಟ್ಟಿ ಆಳುಗಳಿದ್ದರು. ಜನರನ್ನು ಎತ್ತುವುದು ನನ್ನ ಬೆನ್ನಿಗೆ ಆಗದು. ಪಿಳ್ಳಪ್ಪನವರು ಯೋಚಿಸಿ ನನಗೊಂದು ಕೆಲಸ ಕೊಟ್ಟರು. ಗಾಡಿ ಹತ್ತುವಾಗ ಜನ ನೀರಿನಲ್ಲಿ ಚಪ್ಪಲಿ ಬಿಟ್ಟುಬಿಡುತ್ತಿದ್ದರು, ಇಳಿದ ಮೇಲೆ ಬರಿಗಾಲಲ್ಲಿ ರಸ್ತೆಯ ಕಸದ ಮೇಲೆ ನಡೆಯಬೇಕಾಗುತ್ತಿತ್ತು. “ಸಾಮಿ, ಎಲ್ರ ಚಪ್ಪಲಿ ಇಸ್ಕೊಂಡು ಜೋಡಿ ಮಾಡಿ ಇಡಿ. ಇಳಿಯೋವಾಗ ಕೊಡಿ.”

ನಾನು ಟ್ರೈಲರಿನ ಮೂಲೆಯಲ್ಲಿ ಗೋಣಿಚೀಲ ಹಿಡಿದು ಕೂತೆ. ಮಕ್ಕಳ ಪುಟ್ಟ ಚಪ್ಪಲಿ, ಕೂಲಿಯವರ ಹವಾಯಿ, ಆಫೀಸಿನ ಬೂಟು. ಯಾವುದು ಯಾರದೆಂದು ನೆನಪಿಟ್ಟುಕೊಂಡು, ಇಳಿಯುವಾಗ ಬಗ್ಗಿ ಅವರವರ ಕಾಲ ಮುಂದೆ ಇಟ್ಟೆ. ಮೊದಲ ಎರಡು ಸುತ್ತು ಯಾರಾದರೂ ಪರಿಚಯದವರು ನೋಡಿಯಾರೆಂದು ಮುಜುಗರವಾಯಿತು. ಮೂರನೆಯದರಿಂದ, ಒಂದು ಜೊತೆಯೂ ತಪ್ಪಬಾರದೆಂಬುದೊಂದೇ ಚಿಂತೆ. ಮಧ್ಯಾಹ್ನ ವಿಮಲಾ ಫೋನ್ ಮಾಡಿದಳು. “ಡಯಾಲಿಸಿಸ್ ಆಯ್ತು ರೀ. ಅಜ್ಜಿ ಇಡ್ಲಿ ಕೇಳ್ತಿದಾರೆ. ನೀವೆಲ್ಲಿದೀರ?” ಚಪ್ಪಲಿ ಕಾಯುತ್ತಿದ್ದೇನೆ ಎಂದೆ. “ಏನು?” ಎಂದಳು. ಮತ್ತೊಮ್ಮೆ ಹೇಳಿದೆ, ಗಟ್ಟಿಯಾಗಿ.

ಕೊನೆಯ ಸುತ್ತು ಮುಗಿದಾಗ ಮಳೆ ನಿಂತಿತ್ತು. ಚೀಲ ಬರಿದಾಗಿತ್ತು. ನಾನು ಗಾಡಿಯಿಂದಿಳಿದು ರಸ್ತೆಯ ಮೇಲೆ ಕಾಲಿಟ್ಟೆ.

“ಸಾಮಿ, ನಿಮ್ ಚಪ್ಪಲಿ?” ಎಂದರು ಪಿಳ್ಳಪ್ಪನವರು.

ಆಗಲೇ ನೋಡಿಕೊಂಡದ್ದು. ನನ್ನವು ಬೆಳಿಗ್ಗೆ ಯಾವಾಗಲೋ ನೀರಿನಲ್ಲಿ ತೇಲಿಹೋಗಿದ್ದವು. ಇಡೀ ದಿನದಲ್ಲಿ ಮೊದಲ ಸಲ ಪಿಳ್ಳಪ್ಪನವರು ಜೋರಾಗಿ ನಕ್ಕರು. ನಗುತ್ತಲೇ ತಮ್ಮ ಕಾಲಿನವನ್ನು ಬಿಚ್ಚಿ ನನ್ನ ಮುಂದೆ ತಳ್ಳಿದರು.

“ಅಯ್ಯೋ, ಬೇಡ ಬೇಡ. ನೀವು?”

“ಗಾಡಿ ಓಡಿಸೋನಿಗೆ ಯಾಕೆ? ನೀವು ನಡೀಬೇಕು. ಆಕ್ಕೊಳ್ಳಿ.”

ಅವರು ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು, ಗಾಡಿ ತಿರುಗಿಸಿಕೊಂಡು ದಿಬ್ಬದ ಕಡೆ ಹೋದರು. ನಾನು ಆ ಚಪ್ಪಲಿ ಮೆಟ್ಟಿಕೊಂಡೆ. ನನ್ನ ಕಾಲಿಗೆ ಬಹಳ ದೊಡ್ಡವಾಗಿದ್ದವು. ಹಾಗೇ ಎಳೆದುಕೊಂಡು ವಿಮಲಾ ಇದ್ದ ಆಸ್ಪತ್ರೆಯ ಕಡೆ ನಡೆದೆ.